ಜೋಳಿಗೆಯ ಜೊತೆಗೆ ಔಷಧಿಯೂ ಇರಲಿ

(ವ್ಯಸನಮುಕ್ತ ದಿನದಂದು ಮಾಡಿದ ಉಪನ್ಯಾಸ)



ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಗುಟ್ಕಾ, ಬೀಡಿ ಜೋಳಿಗೆಗೆ ಹಾಕಿದವನು ಅಂದೇ ಬಿಡಬಹುದು. ಹೆರಾಯಿನ್, ಅಫೀಮು, ನೋವಿನ ಮಾತ್ರೆಗಳ ಚಟ ಬೇರೆ ಬಗೆಯದು. ನಾನು ವೈದ್ಯನಲ್ಲ, ನಿವೃತ್ತ ಎಂಜಿನಿಯರ್. ಓದಿ ತಿಳಿದದ್ದನ್ನು ಹೇಳುತ್ತೇನೆ.

ಇವು ಉಸಿರಾಟವನ್ನು ತಗ್ಗಿಸುತ್ತವೆ. ನಿತ್ಯ ಸೇವಿಸುವವನ ದೇಹ ತಾಳಿಕೊಳ್ಳಲು ಕಲಿತಿರುತ್ತದೆ. ಶಪಥ ಮಾಡಿಸಿ ಕೆಲವು ವಾರ ಶಿಬಿರದಲ್ಲಿಟ್ಟರೆ ಆ ತಾಳಿಕೆ ಹೋಗುತ್ತದೆ, ಬಯಕೆ ಹೋಗುವುದಿಲ್ಲ. ಮನೆಗೆ ಮರಳಿ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ನಾವು ‘ಮಾತಿಗೆ ತಪ್ಪಿದ’ ಎನ್ನುತ್ತೇವೆ. ಅವನು ಸತ್ತಿರುತ್ತಾನೆ.

ಇದಕ್ಕೆ ಬ್ಯುಪ್ರೆನಾರ್ಫಿನ್ ಎಂಬ ಮಾತ್ರೆಯಿದೆ, ನಾಲಿಗೆಯಡಿ ಇಟ್ಟುಕೊಳ್ಳುವಂಥದ್ದು. ಬಯಕೆ ತಗ್ಗಿ ಮನುಷ್ಯ ಕಾಯಕಕ್ಕೆ ಮರಳುತ್ತಾನೆ. ಫ್ರಾನ್ಸ್ 1995ರಲ್ಲಿ ಇದನ್ನು ಬರೆದುಕೊಡಲು ಸಾಮಾನ್ಯ ವೈದ್ಯರಿಗೇ ಅನುಮತಿ ಕೊಟ್ಟಿತು. 1999ರ ಹೊತ್ತಿಗೆ ಅತಿಸೇವನೆಯ ಸಾವುಗಳು ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿದಿದ್ದವು. ಕೆಲವರು ಮಾತ್ರೆಯನ್ನು ಕಳ್ಳದಾರಿಯಲ್ಲಿ ಮಾರಿಕೊಂಡದ್ದೂ ಉಂಟು, ಮುಚ್ಚಿಡಬಾರದು.

ಅಮೆರಿಕ 2000ದ ಕಾನೂನಿನಲ್ಲಿ ವೈದ್ಯರಿಗೆ ವಿಶೇಷ ಪರವಾನಗಿ ಬೇಕೆಂದಿತು, ಮೊದಲಿಗೆ 30 ರೋಗಿಗಳ ಮಿತಿ ಬೇರೆ. ಚಟ ಹಿಡಿಸುವ ಆಕ್ಸಿಕೋಡೋನ್ ಬರೆಯಲು ಮಾತ್ರ ಆ ಕಟ್ಟಳೆ ಇಲ್ಲ! ತೂಬು ಕಿರಿದು ಮಾಡಿ, ಕೊನೆಯ ಹೊಲಕ್ಕೆ ನೀರು ಹೋಗಲಿಲ್ಲವೇಕೆ ಎಂದು ಕೇಳಿದಂತಾಯಿತು. 2021ರಲ್ಲಿ ಅಲ್ಲಿ ಇಂಥ ಮದ್ದುಗಳಿಂದ ಸುಮಾರು 80 ಸಾವಿರ ಜನ ಸತ್ತರು. ಫೆಂಟನಿಲ್ ಎಂಬ ಉಗ್ರ ಮದ್ದು ಅದಕ್ಕೆ ದೊಡ್ಡ ಕಾರಣ, ನಿಜ. ಆದರೂ ಪರವಾನಗಿ ರದ್ದಾದದ್ದು 2022ರ ಡಿಸೆಂಬರಿನಲ್ಲಿ. ನಿಂತ ಉಸಿರನ್ನು ಮರಳಿಸುವ ನಲಾಕ್ಸೋನ್ ಎಂಬ ಮೂಗಿನ ಸ್ಪ್ರೇ 2023ರಿಂದ ಚೀಟಿಯಿಲ್ಲದೆ ಅಲ್ಲಿನ ಅಂಗಡಿಯಲ್ಲೇ ಸಿಗುತ್ತದೆ. ಮಕ್ಕಳು ಅಲ್ಲಿರುವವರು ಅವರಿಗೆ ಹೇಳಿ, ಮನೆಯಲ್ಲಿ ಒಂದು ಇಟ್ಟುಕೊಳ್ಳಲಿ.

ನಮ್ಮಲ್ಲೇನು ಕಡಿಮೆ? 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಈ ವ್ಯಸನಕ್ಕೆ ನೆರವು ಬೇಕಾದವರು ಸುಮಾರು 77 ಲಕ್ಷ. ಪಂಜಾಬ್ 2017ರಿಂದ ಸರ್ಕಾರಿ ಹೊರರೋಗಿ ಕೇಂದ್ರಗಳಲ್ಲಿ ಈ ಮಾತ್ರೆ ಕೊಡುತ್ತಿದೆ. ಮಠಗಳ ಶಿಬಿರಗಳಲ್ಲಿ ಇಂಥವರು ಕಂಡರೆ ಬರೀ ಶಪಥ ಮಾಡಿಸಿ ಕಳಿಸಬೇಡಿ, ಮನೋವೈದ್ಯರ ಬಳಿಗೆ ಕರೆದೊಯ್ಯಿರಿ. ಪೊಲೀಸರ ಭಯ ಹಲವರಿಗಿದೆ. ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ, ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ, ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ಕೇಂದ್ರದ ಉಚಿತ ಸಹಾಯವಾಣಿ 14446. ಶಿಬಿರದ ಕರಪತ್ರದಲ್ಲಿ ಅದನ್ನು ದೊಡ್ಡದಾಗಿ ಅಚ್ಚು ಹಾಕಿಸಿ.