ಇಂಗ್ಲಿಷ್ ಬರವಣಿಗೆಯ ಮೊದಲ ಪಾಠ

ಪುತ್ತೂರು, ಸುಳ್ಯ, ಕಡಬದ ಸೀಮೆಯಿಂದ ಕಾಲೇಜು ಸೇರುವ ಅನೇಕರಿಗೆ ಮನೆಮಾತು ತುಳು, ಅರೆಭಾಷೆ ಇಲ್ಲವೆ ಬ್ಯಾರಿ. ಶಾಲೆಯಲ್ಲಿ ಕಲಿತದ್ದು ಕನ್ನಡ. ಇಂಗ್ಲಿಷು ಅವರಿಗೆ ಮೂರನೆಯದು. ಅಂಥ ವಿದ್ಯಾರ್ಥಿಯು ‘ಫೀವರ್ ಹ್ಯಾಸ್ ಕಮ್ ಟು ಮಿ’ ಎಂದು ಬರೆದರೆ ನಾವು ಕೆಂಪು ಗೆರೆಯೆಳೆದು ಸುಮ್ಮನಾಗುವೆವು. ತಪ್ಪಿದ್ದೆಲ್ಲಿ ಎಂಬುದನ್ನು ಅವನು ಅರಿಯನು. ‘ನನಗೆ ಜ್ವರ ಬಂದಿದೆ’ ಎಂಬಲ್ಲಿ ಜ್ವರವೇ ಕರ್ತೃ, ಮನುಷ್ಯನು ಚತುರ್ಥಿಯಲ್ಲಿರುವನು. ಹಸಿವು, ಬೇಸರ, ನೆನಪು ಎಲ್ಲವೂ ನಮಗೆ ಆಗುವ, ಬರುವ ಸಂಗತಿಗಳು. ಇಂಗ್ಲಿಷಿನಲ್ಲಿಯಾದರೋ ಮನುಷ್ಯನೇ ಕರ್ತೃವಾಗಿ ‘ಐ ಹ್ಯಾವ್ ಎ ಫೀವರ್’ ಎನ್ನಬೇಕು. (ಆ ‘ಎ’ಕಾರದ ಕಷ್ಟ ಬೇರೆಯೇ ಒಂದು ದಿನದ ಪಾಠ!) ಆದುದರಿಂದ ಮೊದಲು ಕನ್ನಡ ವಾಕ್ಯವನ್ನೇ ಹಲಗೆಯ ಮೇಲೆ ಬರೆದು ಕರ್ತೃವನ್ನು ಹುಡುಕಿಸಬೇಕು. ನೆರೆಯ ಮಂಗಳೂರಿನಲ್ಲಿ 1903ರಲ್ಲಿ ಅಚ್ಚಾದ ಕಿಟ್ಟೆಲ್ಲರ ವ್ಯಾಕರಣವು ಇಂಗ್ಲಿಷ್ ಬಲ್ಲವರಿಗೆ ಕನ್ನಡದ ಕಟ್ಟನ್ನು ವಿವರಿಸಿತು. ಅಧ್ಯಾಪಕರು ಅದನ್ನೇ ತಿರುಗಿಸಿ ಬಳಸಬಹುದು.