ಸುಕ್ಕುಗಟ್ಟಿದ ಕೌದಿ



ಉಟ್ಟು ಹಳತಾದ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ ಕೈಯಿಂದ ಸಾಲುಸಾಲಾಗಿ ಹೊಲಿದರೆ ಕೌದಿಯಾಗುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲೂ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಮಹಿಳೆಯರಲ್ಲೂ ಬಾಳಿಬಂದ ವಿದ್ಯೆಯಿದು.

ಮೈಸೂರು ನಗರದ ಅಜ್ಜಿಯೊಬ್ಬರು ಹುಟ್ಟಲಿದ್ದ ಮೊಮ್ಮಗುವಿಗೆಂದು ಮೂರು ತಿಂಗಳು ಶ್ರಮಿಸಿ ಕೌದಿಯೊಂದನ್ನು ಹೊಲಿದರು. ಮಗುವಿಗೆ ಹಳೆಯದೇಕೆಂದು ತಮ್ಮ ತಾಯಿಯ ನೂಲಿನ ಸೀರೆಗಳನ್ನು ಪೆಟ್ಟಿಗೆಯಲ್ಲೇ ಬಿಟ್ಟು, ಒಳಪದರಕ್ಕೆ ಹೊಸ ಹತ್ತಿಬಟ್ಟೆಯನ್ನೂ ಮೇಲ್ಪದರಕ್ಕೆ ಮಿರುಗುವ ಪಾಲಿಯೆಸ್ಟರ್ ತುಂಡುಗಳನ್ನೂ ಕೊಂಡು ತಂದಿದ್ದರು. ಮೊದಲ ಒಗೆತದಲ್ಲೇ ಹತ್ತಿ ಕುಗ್ಗಿತು, ಪಾಲಿಯೆಸ್ಟರ್ ಕುಗ್ಗಲಿಲ್ಲ, ಕೌದಿಯೆಲ್ಲ ಸುಕ್ಕುಗಟ್ಟಿತು. ಬಾಣಂತಿ ಮಗಳು ಏನೂ ಅನ್ನದೆ ಅದನ್ನು ಮಡಿಸಿ ಬದಿಗಿಟ್ಟಳು.

ಹೊಲಿಗೆ ಬಿಗಿಯಾಗಿಯೇ ಇತ್ತು. ಕೆಟ್ಟದ್ದು ಬಟ್ಟೆಯ ಆಯ್ಕೆ. ನೂರಾರು ಬಾರಿ ಒಗೆದ ಹಳೆಯ ನೂಲುಬಟ್ಟೆ ಕುಗ್ಗುವಷ್ಟು ಕುಗ್ಗಿ ಮೆತ್ತಗಾಗಿರುತ್ತದೆ, ಬೆವರನ್ನೂ ಹೀರುತ್ತದೆ. ಹಸುಗೂಸನ್ನು ಹಳೆಯ ಬಟ್ಟೆಯಲ್ಲಿ ಸುತ್ತುವ ರೂಢಿಯ ಮರ್ಮವೂ ಆ ಮೆದುತನವೇ. ಹರಿದ ಮೇಲೆ ಅದು ಮಣ್ಣಿಗೆ ಸೇರುತ್ತದೆ; ಪಾಲಿಯೆಸ್ಟರ್ ಹೊಳೆ, ಗದ್ದೆಗಳಲ್ಲಿ ತಲೆಮಾರುಗಟ್ಟಲೆ ಉಳಿಯುತ್ತದೆ.

ಅಜ್ಜಿ ಹೊಲಿಗೆ ಬಿಚ್ಚಿದ್ದಾರೆ. ಪೆಟ್ಟಿಗೆಯ ಸೀರೆಗಳು ಹೊರಬಂದಿವೆ. ನಿಮ್ಮ ಮನೆಯ ಪೆಟ್ಟಿಗೆಯನ್ನೂ ಒಮ್ಮೆ ತೆರೆದು ನೋಡಿರಿ.