ದಾನದಿಂದ ನ್ಯಾಯದೆಡೆಗೆ: ವಂದನೀಯ ಸ್ಟ್ಯಾನ್ ಸ್ವಾಮಿಯವರ ಸ್ಮರಣೆ

(ಶತಮಾನೋತ್ಸವ ವರ್ಷದ ಅಂಗವಾಗಿ ಬಿಜೂರಿನಲ್ಲಿ ಸೇರಿದ ಕುಟುಂಬಗಳ ಸಭೆಯಲ್ಲಿ ಧರ್ಮಗುರುಗಳು ಮಾಡಿದ ಭಾಷಣ)



ನೂರು ವರ್ಷ ತುಂಬಿದ ಇಗರ್ಜಿಯು ತನ್ನನ್ನು ಕಟ್ಟಿದವರನ್ನು ನೆನೆಯುವುದು ಸಹಜವೂ ಉಚಿತವೂ ಆಗಿದೆ. ಕಲ್ಲು ಹೊತ್ತವರು, ತೆಂಗಿನಕಾಯಿ ಮಾರಿ ವಂತಿಗೆ ಸಲ್ಲಿಸಿದವರು, ಮಳೆಗಾಲದಲ್ಲಿ ಹೊಳೆ ದಾಟಿ ರೋಗಿಗಳಿಗೆ ಪರಮಪ್ರಸಾದ ಒಯ್ದ ಗುರುಗಳು, ಇವರೆಲ್ಲರ ಸ್ಮರಣೆ ಈ ವರ್ಷವಿಡೀ ನಡೆಯುತ್ತಿದೆ. ಆದರೆ ಇಂದು ನಮ್ಮ ಧರ್ಮಪ್ರಾಂತ್ಯಕ್ಕೆ ಸೇರದ ಒಬ್ಬ ಗುರುವಿನ ಬಾಳನ್ನು ತಮ್ಮ ಮುಂದಿಡಲು ಬಯಸುತ್ತೇನೆ. ಅವರೇ ಯೇಸುಸಭೆಯ ವಂದನೀಯ ಸ್ಟ್ಯಾನ್ ಸ್ವಾಮಿಯವರು.

ಯೇಸುಸಭೆಯ ಗುರುಗಳು ನಮ್ಮ ಕರಾವಳಿಗೆ ಹೊಸಬರಲ್ಲ. 1878ರಲ್ಲಿ ಮಂಗಳೂರಿಗೆ ಬಂದಿಳಿದವರಲ್ಲಿ ಒಬ್ಬರಾದ ಫಾದರ್ ಮುಲ್ಲರ್ ಅವರು 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯವನ್ನು ತೆರೆದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವಿತ್ತರು. ಅದು ಕರುಣೆಯ ಮಾರ್ಗ. ಆ ಮಾರ್ಗವನ್ನು ನಾವೆಲ್ಲರೂ ಬಲ್ಲೆವು, ಗೌರವಿಸುತ್ತೇವೆ. ಆದರೆ ಧರ್ಮಸಭೆಯು ಅಲ್ಲಿಗೇ ನಿಲ್ಲಲಿಲ್ಲ. 1891ರಲ್ಲಿ ಜಗದ್ಗುರು 13ನೆಯ ಲಿಯೋರವರು 'ರೇರುಂ ನೊವಾರುಂ' ಪತ್ರದಲ್ಲಿ ಕಾರ್ಮಿಕನ ನ್ಯಾಯವಾದ ಕೂಲಿಯ ಪ್ರಶ್ನೆಯನ್ನೆತ್ತಿದರು. 1971ರಲ್ಲಿ ರೋಮಿನಲ್ಲಿ ಸೇರಿದ ಧರ್ಮಾಧ್ಯಕ್ಷರು, ನ್ಯಾಯಕ್ಕಾಗಿ ದುಡಿಯುವುದು ಶುಭಸಂದೇಶ ಸಾರುವ ಕಾರ್ಯದ ಅವಿಭಾಜ್ಯ ಅಂಗವೆಂದು ತಿಳಿಸಿದರು. ಯೇಸುಸಭೆಯೂ 1975ರಲ್ಲಿ ಮುಗಿದ ತನ್ನ ಮಹಾಸಭೆಯಲ್ಲಿ ವಿಶ್ವಾಸದ ಸೇವೆಯನ್ನೂ ನ್ಯಾಯದ ಸಾಧನೆಯನ್ನೂ ಒಂದೇ ಕಾರ್ಯವೆಂದು ಸ್ವೀಕರಿಸಿತು.

ಸ್ಟ್ಯಾನ್ ಸ್ವಾಮಿಯವರು 1937ರ ಏಪ್ರಿಲ್ 26ರಂದು ತಮಿಳುನಾಡಿನ ತಿರುಚಿರಾಪಳ್ಳಿ ಸೀಮೆಯಲ್ಲಿ ಜನಿಸಿ, 1957ರಲ್ಲಿ ಯೇಸುಸಭೆಯನ್ನು ಸೇರಿದರು. ಗುರುಪಟ್ಟಕ್ಕೆ ಮುನ್ನ, ಅಂದಿನ ಬಿಹಾರದ ಚಾಯಿಬಾಸಾ ಬಳಿಯ ಶಾಲೆಯಲ್ಲಿ ಆದಿವಾಸಿ ಬಾಲಕರಿಗೆ ಪಾಠ ಹೇಳುವ ಕೆಲಸ ಅವರ ಪಾಲಿಗೆ ಬಂತು. ಆ ಬಾಲಕರ ತಂದೆತಾಯಂದಿರು ಕಾಡಿನ ಉತ್ಪನ್ನಗಳನ್ನು ಸಂತೆಗೆ ತಂದು, ಹೊರಗಿನ ವ್ಯಾಪಾರಿಗಳಿಂದ ಮೋಸಹೋಗುವುದನ್ನು ಅವರು ಕಂಡರು. ಪಾಠ ಕಲಿಸಿದ ಮಾತ್ರಕ್ಕೆ ಈ ಮೋಸ ನಿಲ್ಲದೆಂದು ಅರಿತು, ಫಿಲಿಪ್ಪೀನ್ಸಿನ ಮನಿಲಾದಲ್ಲಿ ದೈವಶಾಸ್ತ್ರದೊಡನೆ ಸಮಾಜಶಾಸ್ತ್ರವನ್ನೂ ಅಭ್ಯಸಿಸಿದರು.

1975ರಿಂದ ಹತ್ತು ವರ್ಷಕ್ಕೂ ಮಿಕ್ಕಿ ಅವರು ನಮ್ಮ ಬೆಂಗಳೂರಿನಲ್ಲೇ ಇದ್ದು, ಭಾರತೀಯ ಸಾಮಾಜಿಕ ಸಂಸ್ಥೆಯ ನಿರ್ದೇಶಕರಾಗಿ ಸಮಾಜ ಕಾರ್ಯಕರ್ತರನ್ನು ತರಬೇತುಗೊಳಿಸಿದರು. ಹೆಸರು, ಸ್ಥಾನ, ನೆಮ್ಮದಿ ಎಲ್ಲವೂ ಇದ್ದ ಕಾಲದಲ್ಲಿ ಮತ್ತೆ ಆದಿವಾಸಿಗಳ ನಾಡಿಗೆ ಹಿಂದಿರುಗಿದರು. 2006ರಲ್ಲಿ ರಾಂಚಿಯ ಬಳಿಯ ನಾಮ್‌ಕುಮ್‌ನಲ್ಲಿ 'ಬಗಯ್ಚಾ' ಎಂಬ ಕೇಂದ್ರವನ್ನು ಸ್ಥಾಪಿಸಿದರು. ಗ್ರಾಮಸಭೆಗೆ 1996ರ ಪೇಸಾ ಕಾಯಿದೆ ಏನು ಅಧಿಕಾರ ಕೊಟ್ಟಿದೆ, 2006ರ ಅರಣ್ಯ ಹಕ್ಕು ಕಾಯಿದೆಯಂತೆ ಯಾರಿಗೆ ಭೂಮಿ ಸಲ್ಲಬೇಕು ಎಂಬುದನ್ನು ಅಕ್ಷರ ಬಾರದವರಿಗೂ ತಿಳಿಯುವಂತೆ ಹೇಳಿಕೊಟ್ಟರು. ಸೆರೆಮನೆಗಳಲ್ಲಿ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದ ಯುವಕರ ಸ್ಥಿತಿಯನ್ನು ಅರಿಯಲು ಸಂಗಡಿಗರೊಡನೆ 102 ಮಂದಿ ವಿಚಾರಣಾಧೀನ ಕೈದಿಗಳನ್ನು ಮಾತನಾಡಿಸಿ, 2016ರಲ್ಲಿ ವರದಿಯನ್ನು ಪ್ರಕಟಿಸಿದರು. ಅವರ ಪರವಾಗಿ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿದರು.

2020ರ ಅಕ್ಟೋಬರ್ 8ರಂದು ರಾಷ್ಟ್ರೀಯ ತನಿಖಾ ದಳವು ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಅವರನ್ನು ಬಂಧಿಸಿತು. ಆಗ ಅವರಿಗೆ 83 ವರ್ಷ. ಮಾವೋವಾದಿಗಳೊಡನೆ ಸಂಪರ್ಕವಿತ್ತೆಂಬುದು ಆರೋಪ. ಅದನ್ನು ಅವರು ಸ್ಪಷ್ಟವಾಗಿ ನಿರಾಕರಿಸಿದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದುದರಿಂದ ಲೋಟ ಹಿಡಿದು ನೀರು ಕುಡಿಯಲಾರದೆ, ಹೀರುಕೊಳವೆಯಿರುವ ಒಂದು ಬಟ್ಟಲಿಗಾಗಿ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಯಿತು. ಆದರೂ ತಳೋಜಾ ಸೆರೆಮನೆಯಿಂದ ಬರೆದ ಪತ್ರಗಳಲ್ಲಿ ತಮ್ಮ ದುಃಖಕ್ಕಿಂತ ಹೆಚ್ಚಾಗಿ, ತಮಗೆ ಉಣಿಸಿ ಸ್ನಾನ ಮಾಡಿಸಿದ ಸಹಕೈದಿಗಳನ್ನೂ, ತಮ್ಮ ಅಪರಾಧವೇನೆಂದು ತಿಳಿಯದೆ ವರ್ಷಗಟ್ಟಲೆ ಕುಳಿತ ಬಡವರನ್ನೂ ನೆನೆದರು. 2021ರ ಜುಲೈ 5ರಂದು ಮುಂಬಯಿಯ ಹೋಲಿ ಫ್ಯಾಮಿಲಿ ಆಸ್ಪತ್ರೆಯಲ್ಲಿ, ಜಾಮೀನಿನ ಅರ್ಜಿ ಇತ್ಯರ್ಥವಾಗುವ ಮುನ್ನವೇ ಪ್ರಭುವಿನೆಡೆಗೆ ತೆರಳಿದರು. ಆರೋಪ ಸಾಬೀತಾಗಲಿಲ್ಲ, ನಿರ್ದೋಷಿಯೆಂದು ತೀರ್ಪು ಪಡೆಯುವ ಅವಕಾಶವೂ ಅವರಿಗೆ ದೊರೆಯಲಿಲ್ಲ.

ಗುರುವಾದವನಿಗೆ ಜಮೀನು, ಕೋರ್ಟು, ಕಾಯಿದೆಗಳ ಗೊಡವೆ ಏಕೆ ಎಂದು ನಮ್ಮವರಲ್ಲೇ ಕೆಲವರು ಕೇಳುವುದುಂಟು. ಈ ಪ್ರಶ್ನೆಗೆ ಉತ್ತರ ನಮ್ಮ ಮನೆಯ ಪೆಟ್ಟಿಗೆಯಲ್ಲೇ ಇದೆ. ನಮ್ಮ ಹಿರಿಯರಲ್ಲಿ ಅನೇಕರು ಗೇಣಿ ಒಕ್ಕಲುಗಳಾಗಿದ್ದರು. ಬೆಳೆದ ಅಕ್ಕಿಯ ಮುಡಿಗಳನ್ನು ಧಣಿಗಳ ಮನೆಗೆ ಹೊತ್ತು, ಉಳಿದುದರಲ್ಲಿ ಗಂಜಿ ಕುಡಿದರು. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಜಾರಿಗೆ ಬಂತು, ಹಿರಿಯರು ಡಿಕ್ಲರೇಶನ್ ಕೊಟ್ಟರು, ಭೂನ್ಯಾಯ ಮಂಡಳಿಯ ಮುಂದೆ ನಿಂತರು, ಉಳುವವನು ಹೊಲದೊಡೆಯನಾದ. ಇಂದು ನಾವು ನಿಂತ ನೆಲ ಯಾರದೋ ಭಿಕ್ಷೆಯಲ್ಲ, ನ್ಯಾಯದಿಂದ ಬಂದುದು. ಕಾಯಿದೆಯ ಒಂದು ಕಾಗದದಿಂದ ಬಡವನ ಬೆನ್ನು ನೆಟ್ಟಗಾಗುವುದನ್ನು ಕಣ್ಣಾರೆ ಕಂಡ ನಾವು, ಅದೇ ಕಾಗದವನ್ನು ಆದಿವಾಸಿಯ ಕೈಗೆ ಕೊಡಹೊರಟ ಗುರುವನ್ನು ಅರ್ಥಮಾಡಿಕೊಳ್ಳದೆ ಹೋದರೆ ಹೇಗೆ?

ಜಾರ್ಖಂಡ್ ದೂರವೆಂದು ಎಣಿಸಬೇಡಿ. ಅಲ್ಲಿಂದ ಬಂದ ಯುವಕರು ನಮ್ಮ ಕರಾವಳಿಯ ಬಂದರುಗಳಲ್ಲಿ ಬಲೆ ಎಳೆಯುತ್ತಿದ್ದಾರೆ. ಇನ್ನು ಕೊರಗ ಸಮುದಾಯದವರಂತೂ ನಮ್ಮ ನೆರೆಯವರು. ಅವರನ್ನು ಹೀನಾಯಗೊಳಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ರಾಜ್ಯವು ಕಾಯಿದೆಯನ್ನೇ ಮಾಡಬೇಕಾಯಿತು. ಅವರು ಹೆಣೆದ ಬುಟ್ಟಿಯನ್ನು ಚೌಕಾಸಿ ಮಾಡಿ ಕೊಂಡಿದ್ದೇವೆ. ಅವರ ಅಂಗಳದಲ್ಲಿ ಚಾಪೆಯ ಮೇಲೆ ಕುಳಿತವರು ನಮ್ಮಲ್ಲಿ ಎಷ್ಟು ಮಂದಿ?

ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಕೊಡುವ ಅಕ್ಕಿ, ಔಷಧಗಳು ನಿಲ್ಲಬಾರದು. ಹಸಿದವನಿಗೆ ಮೊದಲು ಅನ್ನವೇ ಬೇಕು. ಆದರೆ ಈ ಶತಮಾನೋತ್ಸವ ವರ್ಷದಲ್ಲಿ ಅದರೊಂದಿಗೆ ಇನ್ನೊಂದು ಕಾರ್ಯ ನಡೆಯಲಿ. ಪ್ರತಿಯೊಂದು ವಾಳೆಯಿಂದ ಓದುಬರಹ ಬಲ್ಲ ಇಬ್ಬರು ಮುಂದೆ ಬರಲಿ. ನೆರೆಯ ಬಡ ಕುಟುಂಬಗಳಿಗೆ, ಅವರು ಯಾವ ಮತದವರೇ ಆಗಿರಲಿ, ಮನೆ ನಿವೇಶನ, ಪಿಂಚಣಿ, ಜಾತಿ ಪ್ರಮಾಣಪತ್ರ, ಅರಣ್ಯ ಹಕ್ಕುಗಳ ಅರ್ಜಿ ಬರೆದುಕೊಡಲಿ. ತಾಲೂಕು ಕಚೇರಿಗೆ ಅವರೊಡನೆ ಹೋಗಿ ನಿಲ್ಲಲಿ. ಇದಕ್ಕೆ ಹಣ ಬೇಡ, ತಾಳ್ಮೆ ಬೇಕು. ಕೆಲವೊಮ್ಮೆ ಊರಿನ ದೊಡ್ಡವರ ಅಸಮಾಧಾನವನ್ನು ಸಹಿಸುವ ಧೈರ್ಯವೂ ಬೇಕು.

ಕಡೆಯ ದಿನ ಪ್ರಭುವು ನಮ್ಮನ್ನು ಗೋಪುರದ ಎತ್ತರ ಕೇಳುವುದಿಲ್ಲ. ಹಸಿದವನ, ಬಾಯಾರಿದವನ, ಸೆರೆಯಲ್ಲಿದ್ದವನ ಬಳಿ ಹೋದಿರಾ ಎಂದು ಕೇಳುವನು. ಬಾಯಾರಿಕೆಯನ್ನೂ ಸೆರೆಯನ್ನೂ ತಾನೇ ಅನುಭವಿಸಿದ ಈ ಗುರುವಿನ ಆತ್ಮಕ್ಕೆ ದೇವರು ಚಿರಶಾಂತಿಯನ್ನು ಕರುಣಿಸಲಿ. ಅವರ ಧೈರ್ಯದ ಒಂದಂಶವನ್ನಾದರೂ ನಮಗೆ ದಯಪಾಲಿಸಲಿ. ಆಮೆನ್.